ನಾಟಕದವರ ತಿಂಗಳ ಕೂಟದಲ್ಲಿ ಕೆಲಸ ಕೊಡುವವರೂ ಕೂರಬೇಕೆ?

ಹಿಂಬದಿಸಾಲು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ನಾಟಕಗಳಿಗೆ ಬೆಳಕಿನ ಕೆಲಸ ಮಾಡುತ್ತಿದ್ದೇನೆ. ಯಾವ ಸಂಸ್ಥೆಯ ಸಂಬಳವೂ ಇಲ್ಲ. ಒಂದು ಪ್ರಯೋಗಕ್ಕೆ ಇಷ್ಟು ಎಂದು ಮಾತಾಡಿಕೊಂಡು ಹೋಗುವುದು, ಕೊಟ್ಟ ದಿನ ತೆಗೆದುಕೊಳ್ಳುವುದು, ಇಷ್ಟೇ.

2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿದಾಗ ಅರ್ಜಿ ತುಂಬುವ ನೆಪದಲ್ಲಿ ನಾವು ಹನ್ನೊಂದು ಜನ ಒಟ್ಟಾದೆವು. ವೇದಿಕೆಯ ಮೇಲೆ ಕಾಣಿಸಿಕೊಳ್ಳುವವರ ಫೋಟೋ ಎಲ್ಲರ ಬಳಿಯೂ ಇರುತ್ತದೆ. ಬೆಳಕು, ಪ್ರಸಾಧನ, ರಂಗಸಜ್ಜಿಕೆಯವರು ತಾವೂ ಕಲಾವಿದರೇ ಎಂದು ತೋರಿಸಲು ಹಳೆಯ ಕರಪತ್ರಗಳ ಕೊನೆಯ ಸಾಲಿನಲ್ಲಿ ತಮ್ಮ ಹೆಸರನ್ನು ಹುಡುಕಬೇಕಾಯಿತು. ಹುಡುಕುತ್ತ ಹುಡುಕುತ್ತ ಫೋನಿನಲ್ಲಿ ಬೇರೆ ಮಾತುಗಳೂ ಬಂದವು: ಯಾರಿಗೆ ನಿದ್ದೆಯಿಲ್ಲ, ಯಾರ ಮನೆಯಲ್ಲಿ ಜಗಳ, ಯಾರು ಊರಿಗೆ ಹೋಗಿ ತೋಟದ ಕೆಲಸಕ್ಕೆ ಇಳಿದಿದ್ದಾರೆ. ಮುಂದೆ ಅದೇ ತಿಂಗಳ ಕೂಟವಾಯಿತು. ನಮ್ಮಲ್ಲಿ ಹೆಚ್ಚಿನವರು ಕೆಲಸ ಮಾಡುವ ರಂಗಮಂದಿರ ರಂಗಶಂಕರಕ್ಕೆ ಸೋಮವಾರ ರಜೆಯಾದ್ದರಿಂದ ತಿಂಗಳ ಮೊದಲ ಸೋಮವಾರ ಬಸವನಗುಡಿಯಲ್ಲಿ ಸ್ನೇಹಿತರೊಬ್ಬರ ಮನೆಯ ಮಹಡಿಯಲ್ಲಿ ಸೇರುತ್ತೇವೆ. ನಿಯಮ ಎರಡೇ. ಕೇಳದೆ ಯಾರೂ ಬುದ್ಧಿ ಹೇಳಬಾರದು, ಮತ್ತು ಇಲ್ಲಿ ಕೇಳಿದ್ದು ಮೆಟ್ಟಿಲು ಇಳಿಯಬಾರದು. ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತದೆ. ಕೈಯಲ್ಲಿದ್ದವರು ಹಾಕುತ್ತಾರೆ, ಬೇಕಾದವರು ಯಾರಿಗೂ ಹೇಳದೆ ತೆಗೆದುಕೊಳ್ಳುತ್ತಾರೆ.

ಕಳೆದ ತಿಂಗಳು ನಮ್ಮಲ್ಲೇ ಕಿರಿಯಳು, ಪ್ರಸಾಧನ ಮಾಡುವ ಹುಡುಗಿ, ಮೊದಲ ಸಲ ಬಾಯಿಬಿಟ್ಟಳು. ಮೂರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲವೆಂದೂ, ನಟರ ಕಣ್ಣಿಗೆ ಕಾಡಿಗೆ ತೀಡುವಾಗ ಕೈ ನಡುಗುತ್ತದೆಯೆಂದೂ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಕೆಲಸ ಮುಗಿಸುತ್ತೇನೆಂದೂ ಹೇಳಿದಳು. ಎಲ್ಲರೂ ಸುಮ್ಮನೆ ಕೇಳಿಸಿಕೊಂಡೆವು. ಆ ದಿನ ಕೂಟದಲ್ಲಿ ಒಬ್ಬ ನಿರ್ದೇಶಕರೂ ಇದ್ದರು. ಅವರೂ ಮೊದಲಿನಿಂದ ನಮ್ಮ ಬಳಗದವರೇ. ಎರಡು ವಾರ ಕಳೆದ ಮೇಲೆ ಅವರು ಧಾರವಾಡದ ಮೂರು ಪ್ರಯೋಗಗಳಿಗೆ ಅವಳನ್ನು ಬಿಟ್ಟು ಬೇರೊಬ್ಬರನ್ನು ಕರೆದುಕೊಂಡು ಹೋದರು. ನಾನು ಕೇಳಿದ್ದಕ್ಕೆ "ಪಾಪ, ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಗಿರುವುದು. ಆ ಮೂರು ಪ್ರಯೋಗಗಳ ಹಣದಲ್ಲಿ ಅವಳು ಆ ತಿಂಗಳ ಬಾಡಿಗೆ ಕಟ್ಟಬೇಕಿತ್ತು.

ಈ ಸೋಮವಾರ ಅವಳು ಬರಲಿಲ್ಲ. ಬಂದ ಐದು ಜನರೂ ಹವಾಮಾನದ ಬಗ್ಗೆ ಮಾತಾಡಿ ಎದ್ದೆವು. ಕೆಲಸ ಕೊಡುವವರನ್ನು ಇಂಥ ಕೂಟದಿಂದ ಹೊರಗಿಡಬೇಕೆ? ಬೇರೆ ಕಡೆ ಹೇಗೆ ನಡೆಸುತ್ತೀರಿ?

ಗೆರೆಗಾರ

ಹೊರಗಿಡಬೇಕು. ಇದರಲ್ಲಿ ಯೋಚಿಸುವಂಥದ್ದು ಏನಿದೆ?

ತಾಲೀಮುಮನೆ

ಗೆರೆಗಾರರೇ, ನೀವು ಒಬ್ಬರೇ ಕೂತು ಚಿತ್ರ ಬರೆಯುವವರು, ಆದ್ದರಿಂದ ನಿಮಗೆ ಇದು ಸುಲಭವಾಗಿ ಕಾಣುತ್ತಿರಬಹುದು. ನಾಟಕದಲ್ಲಿ ಕೆಲಸ ಕೊಡುವವರು ಯಾರು, ಪಡೆಯುವವರು ಯಾರು ಎಂದು ಗೆರೆ ಎಳೆಯುವುದು ಸಾಧ್ಯವೇ? ಈ ವರ್ಷ ನಾನು ಒಂದು ನಾಟಕ ನಿರ್ದೇಶಿಸಿದೆ. ಹೋದ ವರ್ಷ ಅದೇ ತಂಡದ ನಟನೊಬ್ಬ ಮಾಡಿಸಿದ ನಾಟಕದಲ್ಲಿ ನಾನು ಎರಡು ದೃಶ್ಯಗಳ ಪಾತ್ರ ಮಾಡಿ ಸಂಭಾವನೆ ಪಡೆದೆ. ಬೆಳಕಿನವರು ತಮಗೊಬ್ಬ ಸಹಾಯಕನನ್ನು ಕರೆದುಕೊಂಡು ಬಂದರೆ ಆ ಹುಡುಗನ ಪಾಲಿಗೆ ಅವರೇ ಧಣಿ. ಹಾಗೆ ನೋಡಿದರೆ ಚರ್ಚೆ ಆರಂಭಿಸಿರುವ ಮೇಡಂ ಅವರೂ ಹೊರಗೇ ಇರಬೇಕಾಗುತ್ತದೆ.

ಇನ್ನೊಂದು ಮಾತು. ಸಣ್ಣ ತಂಡದ ನಿರ್ದೇಶಕನೆಂದರೆ ಸಾಲಗಾರನೇ. ರಂಗಮಂದಿರದ ಬಾಡಿಗೆಯನ್ನು ಮೊದಲೇ ಕಟ್ಟಿರುತ್ತಾನೆ, ಟಿಕೆಟ್ ಹೋಗದಿದ್ದರೆ ಹೆಂಡತಿಯ ಮುಖ ನೋಡಲಾರದೆ ತಾಲೀಮಿನ ಕೋಣೆಯಲ್ಲೇ ಮಲಗಿರುತ್ತಾನೆ. ನಾನು ಹಾಗೆ ಮಲಗಿದ್ದೇನೆ. ನನ್ನಂಥವನು ಮನಸ್ಸು ಹಗುರ ಮಾಡಿಕೊಳ್ಳಲು ಯಾವ ಮಹಡಿ ಹತ್ತಬೇಕು?

ಗೆರೆಗಾರ

ನಿರ್ದೇಶಕರೆಲ್ಲ ಸೇರಿ ತಮ್ಮದೇ ಒಂದು ಕೂಟ ಮಾಡಿಕೊಳ್ಳಲಿ. ಮಹಡಿಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಅಂದಹಾಗೆ, ಚಿತ್ರ ಬರೆಯುವವರಿಗೂ ಧಣಿಗಳಿರುತ್ತಾರೆ ಸ್ವಾಮಿ. ಮುಖಪುಟವನ್ನು ಏಳು ಸಲ ತಿದ್ದಿಸಿ, "ಮುಂದಿನ ಪುಸ್ತಕದ ಜೊತೆ ಒಟ್ಟಿಗೆ ಕೊಡೋಣ" ಎನ್ನುತ್ತಾರೆ.

ಚೌಕಿಬದಿ

ನಾನು ಉಡುಪಿಯ ಕಡೆಯವನು, ಬಡಗುತಿಟ್ಟಿನ ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ಬಾರಿಸುತ್ತೇನೆ. ನಮ್ಮಲ್ಲಿ ಚೌಕಿಯೇ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗವೇ, ಕೂಟ. ರಾತ್ರಿಯಿಡೀ ಒಂದೇ ಕಡೆ ಬಣ್ಣ ಹಚ್ಚಿಕೊಳ್ಳುವವರು, ಒಂದೇ ಬಸ್ಸಿನಲ್ಲಿ ತೂಕಡಿಸುವವರು ಪರಸ್ಪರರ ಕಷ್ಟ ತಿಳಿಯದೆ ಇರುವುದಿಲ್ಲ. ಆದರೂ ನಿಮ್ಮ ಹುಡುಗಿ ಹೇಳಿದಂಥದ್ದನ್ನು ಚೌಕಿಯಲ್ಲಿ ಯಾರೂ ಹೇಳಲಾರರು. ಮರುವರ್ಷ ಮೇಳದ, ಅಂದರೆ ತಂಡದ, ತಿರುಗಾಟಕ್ಕೆ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂಬ ಮಾತೂ ಅಲ್ಲೇ ಓಡಾಡುತ್ತಿರುತ್ತದೆ.

ಮೇ ಕೊನೆಯ ವಾರ ಪತ್ತನಾಜೆಗೆ, ಅಂದರೆ ವರ್ಷದ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದರೆ ಮತ್ತೆ ಮೇಳ ಹೊರಡುವುದು ಸುಮಾರಾಗಿ ನವೆಂಬರಿನಲ್ಲಿ. ನಡುವಿನ ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಕೆಲವರು ಅಡುಗೆ ಕೆಲಸಕ್ಕೆ ಹೋಗುತ್ತಾರೆ. ಮನಸ್ಸು ಕುಸಿಯುವುದು ಹೆಚ್ಚಾಗಿ ಈ ದಿನಗಳಲ್ಲಿ, ಏಕೆಂದರೆ ನಿನ್ನೆಯವರೆಗೆ ದೇವೇಂದ್ರನಾಗಿ ಕುಣಿದವನು ಇಂದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿರುತ್ತಾನೆ ಮತ್ತು ಸಾಲಿನಲ್ಲಿದ್ದವರಿಗೆಲ್ಲ ಅವನ ಗುರುತಿರುತ್ತದೆ.

ನಮ್ಮ ಭಾಗದಲ್ಲಿ 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಮಕ್ಕಳ ಓದು, ವಿಮೆ, ಮನೆ ಕಟ್ಟಿಸಿಕೊಡುವುದು ಇವುಗಳಿಗೆಲ್ಲ ಕೈಹಾಕಿದೆ. ನಾನು ಗಮನಿಸಿರುವ ಸಂಗತಿಯೆಂದರೆ ಅದು ಮೇಳ ನಡೆಸುವ ಸಂಸ್ಥೆಯಲ್ಲ. ಅಲ್ಲಿ ಹೋಗಿ ಮನೆಯ ಸೂರು ಸೋರುತ್ತಿದೆ ಎಂದರೆ ನಾಳೆ ವೇಷ ತಪ್ಪುತ್ತದೆ ಎಂಬ ಭಯವಿಲ್ಲ. ನೆರವಿನ ಕೈಯೂ ಕೆಲಸ ಕೊಡುವ ಕೈಯೂ ಬೇರೆಬೇರೆ ಆಗಿರುವುದು ದೊಡ್ಡ ಅನುಕೂಲ.

ಕಂಪನಿಮೊಮ್ಮಗ

ನಮ್ಮ ಅಜ್ಜ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕಂಪನಿಯೆಂದರೆ ಒಂದೇ ಅಡುಗೆಮನೆ. ಮಾಲೀಕನೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿತು ಎನ್ನುತ್ತಾರೆ, ಅಂದಿನಿಂದಲೂ ಈ ಸಂಪ್ರದಾಯವಿದೆ. ಯಾರಿಗಾದರೂ ಕಾಯಿಲೆಯಾದರೆ ಪಾತ್ರ ಬದಲಾಗುತ್ತಿತ್ತೇ ಹೊರತು ತಟ್ಟೆ ತಪ್ಪುತ್ತಿರಲಿಲ್ಲ. ಈಗಿನವರು ಒಬ್ಬೊಬ್ಬರೇ ಬದುಕುವುದರಿಂದ ಹೀಗೆಲ್ಲ ಕೂಟ ಕಟ್ಟಬೇಕಾಗಿದೆ.

ಸೂಜಿದಾರ

ತಟ್ಟೆ ತಪ್ಪುತ್ತಿರಲಿಲ್ಲ, ನಿಜ. ಸಂಬಳ ಎಷ್ಟು ತಿಂಗಳು ತಪ್ಪುತ್ತಿತ್ತು ಎಂಬುದನ್ನೂ ಅಜ್ಜಿಯನ್ನು ಕೇಳಿ ಇಲ್ಲಿ ಬರೆಯಿರಿ.

ಕಂಪನಿಮೊಮ್ಮಗ

ಅಜ್ಜಿ ಈಗಿಲ್ಲ. ಇದ್ದಿದ್ದರೆ ನಿಮ್ಮ ಪರವಾಗಿಯೇ ಮಾತಾಡುತ್ತಿದ್ದರು.

ನೆರವಿನ ಕೆಲಸದವಳು

ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಇರುವವಳು. ಕೂಟದ ಸದಸ್ಯತ್ವದ ವಿಚಾರಕ್ಕೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಮೂರು ತಿಂಗಳು ನಿದ್ದೆಯಿಲ್ಲದಿರುವುದು ಮತ್ತು ಕೈ ನಡುಗುವುದು ಇವೆರಡೂ ಕೂಟದಲ್ಲಿ ಕೇಳಿಸಿಕೊಂಡು ಬಿಡುವಂಥ ಸಂಗತಿಗಳಲ್ಲ. ಇದು ಆತಂಕವಿರಬಹುದು, ಥೈರಾಯ್ಡ್ ತೊಂದರೆಯೂ ಇರಬಹುದು, ತೆಗೆದುಕೊಳ್ಳುತ್ತಿರುವ ಯಾವುದೋ ಔಷಧದ ಪರಿಣಾಮವೂ ಇರಬಹುದು. ಮೊದಲು ವೈದ್ಯರು ನೋಡಬೇಕು, ರಕ್ತಪರೀಕ್ಷೆ ಆಗಬೇಕು. "ಕೇಳದೆ ಬುದ್ಧಿ ಹೇಳಬಾರದು" ಎಂಬ ನಿಯಮ ಒಳ್ಳೆಯದು, ಆದರೆ "ನಾಳೆ ನಿನ್ನ ಜೊತೆ ಆಸ್ಪತ್ರೆಗೆ ಬರಲೇ?" ಎಂದು ಕೇಳುವುದು ಬುದ್ಧಿ ಹೇಳಿದಂತೆ ಆಗುವುದಿಲ್ಲ.

ಹಣದ ಅಡಚಣೆಯಿದ್ದರೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಪ್ರವಾಸದಲ್ಲಿರುವ ಕಲಾವಿದರಿಗೆ ಇದು ಅನುಕೂಲ, ಏಕೆಂದರೆ ನಿಮ್ಮ ಮನಸ್ಸು ಭಾರವಾಗುವುದು ಹೆಚ್ಚಾಗಿ ಪ್ರಯೋಗ ಮುಗಿದ ಮೇಲೆ, ರಾತ್ರಿ ಹನ್ನೊಂದರ ನಂತರ, ಎಲ್ಲ ಆಸ್ಪತ್ರೆಗಳ ಹೊರರೋಗಿ ವಿಭಾಗ ಮುಚ್ಚಿರುವಾಗ. ಬೆಂಗಳೂರಿನ ಹೊರಗಿರುವವರು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಗಳನ್ನು ವಿಚಾರಿಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ಇಲ್ಲಿ ಪ್ರಯೋಗವೆಂದರೆ ನಾಟಕದ ಪ್ರಯೋಗವಲ್ಲ ಎಂದು ಈ ಚರ್ಚೆಯಲ್ಲಿ ಹೇಳಿಬಿಡುವುದು ಒಳ್ಳೆಯದು.

ಠೇಕಾ

ನಾನು ಹುಬ್ಬಳ್ಳಿಯವನು, ತಬಲಾ ಸಾಥ್ ಮಾಡುತ್ತೇನೆ. ಆರು ವರ್ಷಗಳಿಂದ ಕುಡಿತ ಬಿಟ್ಟಿದ್ದೇನೆ, ಬಿಡಿಸಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. ಸಮಾನರ ಕೂಟ ಎಂಬ ವಿದ್ಯೆಯಲ್ಲಿ ಅವರಿಗಿಂತ ಹಳಬರು ಬಹಳ ಮಂದಿ ಇರಲಾರರು. ಅಮೆರಿಕದ ಆ್ಯಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದು. ಅಲ್ಲಿ ಅಧ್ಯಕ್ಷರಿಲ್ಲ, ಚಂದಾ ಕಡ್ಡಾಯವಿಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ನ್ಯಾಯಾಧೀಶನ ಪಕ್ಕದಲ್ಲಿ ಆಟೋ ಓಡಿಸುವವನು ಕೂತಿದ್ದರೂ ಇಬ್ಬರಿಗೂ ಪರಸ್ಪರರಿಂದ ಆಗಬೇಕಾದ ಕೆಲಸವಿರುವುದಿಲ್ಲ. ಅದರ ಗುಟ್ಟು ಇದೇ.

ನಿಮ್ಮಲ್ಲಿ ಅದು ಸಾಧ್ಯವಿಲ್ಲದಿದ್ದರೆ, ಬೇರೆ ಕಸುಬಿನವರ ಜೊತೆ ಅದಲುಬದಲು ಮಾಡಿಕೊಳ್ಳಿ. ನಾಟಕದ ಪ್ರಸಾಧನದವರು ಸಂಗೀತದವರ ಕೂಟಕ್ಕೆ ಹೋಗಲಿ, ನಮ್ಮ ತಬಲದವನು ನಿಮ್ಮ ಮಹಡಿ ಹತ್ತಲಿ. ನನ್ನ ಕೈ ನಡುಗುತ್ತದೆ ಎಂದು ನಾನು ಇನ್ನೊಬ್ಬ ತಬಲಜಿಯ ಮುಂದೆ ಜನ್ಮದಲ್ಲಿ ಹೇಳಲಾರೆ, ನಿಮ್ಮ ಮುಂದೆ ಇಲ್ಲಿ ಹೇಳಿಬಿಟ್ಟೆ ನೋಡಿ. ಮತ್ತೆ ಆ ಡಬ್ಬಿಯನ್ನು ತೆಗೆದುಬಿಡಿ. ಹಣ ಮೇಜಿನ ಮೇಲೆ ಬಂದ ದಿನ ಲೆಕ್ಕ ಬರುತ್ತದೆ, ಲೆಕ್ಕ ಬಂದ ದಿನ ಮಾತು ಹೋಗುತ್ತದೆ.

ಬಾಕಿಬಿಲ್ಲು

ಠೇಕಾ ಅಣ್ಣ, ಹಣದ ಮಾತಿಗೆ ಮಾತ್ರ ನನ್ನ ಪೂರ್ತಿ ವಿರೋಧವಿದೆ. ಸ್ವತಂತ್ರವಾಗಿ ದುಡಿಯುವ ಕಲಾವಿದರ ನಿದ್ದೆ ಕೆಡಿಸುವುದರಲ್ಲಿ ಮೊದಲನೆಯದೇ ಬಾರದ ಬಿಲ್ಲು. ನಾವು ಏಳು ಜನ ವಿನ್ಯಾಸಕರು ಮತ್ತು ಉಪಶೀರ್ಷಿಕೆ ಬರೆಯುವವರು ತಿಂಗಳಿಗೊಮ್ಮೆ ಸೇರುತ್ತೇವೆ. ಮಾನಸಿಕ ಆರೋಗ್ಯದ ಸಭೆ ಎಂದು ಹೆಸರಿಟ್ಟಾಗ ಮೂವರು ಬಂದಿದ್ದರು. ಬಿಲ್ಲಿನ ಸಭೆ ಎಂದು ಬದಲಾಯಿಸಿದ ಮೇಲೆ ಏಳು ಜನರೂ ತಪ್ಪಿಸಿಲ್ಲ. ನಮ್ಮ ಪದ್ಧತಿ ಏನೆಂದರೆ, ಒಬ್ಬರ ಬಾಕಿಗೆ ಇನ್ನೊಬ್ಬರು ಫೋನ್ ಮಾಡುವುದು. ನನ್ನ ಹಣ ಕೇಳುವಾಗ ನನಗೆ ನಾಲಗೆ ಹೊರಳುವುದಿಲ್ಲ, ಗೆಳತಿಯ ಹಣ ಕೇಳುವಾಗ ಗಂಟಲು ತಾನೇ ತೆರೆದುಕೊಳ್ಳುತ್ತದೆ. ಫೋನ್ ಇಟ್ಟ ಮೇಲೆ ಒಬ್ಬರು ಅಳುವುದೂ ಉಂಟು, ಆಗ ಉಳಿದ ಮಾತೆಲ್ಲ ತಾನಾಗಿ ಬರುತ್ತದೆ.

ಉಪಯೋಗವಾಗುವ ಎರಡು ವಿಷಯ ಹೇಳುತ್ತೇನೆ. ಉದ್ಯಮ್ ಎಂಬ, ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ ಉಚಿತ. ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಮಾಡಿಸಿಕೊಂಡಿದ್ದರೆ, 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಹಣ ಕೊಡಲು ಇರುವ ಗರಿಷ್ಠ ಗಡುವು 45 ದಿನ. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ನಾವು ಯಾರೂ ದೂರು ಕೊಡುವವರೆಗೆ ಹೋಗಿಲ್ಲ, ಬಿಲ್ಲಿನ ಕೆಳಗೆ ಈ ಒಂದು ಸಾಲು ಬರೆದದ್ದಕ್ಕೇ ಎರಡು ಕಡೆಯಿಂದ ಹಣ ಬಂತು. ಎರಡನೆಯದು, ವರ್ಷಕ್ಕೆ 30,000 ರೂಪಾಯಿ ದಾಟಿದರೆ ವೃತ್ತಿ ಸಂಭಾವನೆಯಲ್ಲಿ ಶೇಕಡಾ 10ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸಿದರೆ ನಮ್ಮಂಥ ಕಡಿಮೆ ಆದಾಯದವರಿಗೆ ಅದು ವಾಪಸ್ ಬರುತ್ತದೆ. ಎಷ್ಟೋ ನಟರಿಗೆ ಇದು ಗೊತ್ತೇ ಇಲ್ಲ.

ಗೆರೆಗಾರ

ತಿದ್ದುಪಡಿ: 2025ರ ಏಪ್ರಿಲಿನಿಂದ ಆ ಮಿತಿ 50,000 ರೂಪಾಯಿ ಆಗಿದೆ. ಉಳಿದದ್ದೆಲ್ಲ ಸರಿಯಾಗಿದೆ, ನಿಮ್ಮ ಕೂಟದಲ್ಲಿ ಎಂಟನೆಯ ಕುರ್ಚಿ ಖಾಲಿ ಇದೆಯೆ?

ಥೇಮ್ಸ್ ದಂಡೆ

ನಾನು ಲಂಡನ್ನಿನಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತ ಅಲ್ಲಲ್ಲಿ ನುಡಿಸುವ ಮೈಸೂರಿನವಳು. ಇಲ್ಲಿ ಹೆಲ್ಪ್ ಮ್ಯೂಸಿಷಿಯನ್ಸ್ ಎಂಬ ಧರ್ಮಸಂಸ್ಥೆ 1921ರಿಂದ ಇದೆ. ಜರ್ವೇಸ್ ಎಲ್ವೆಸ್ ಎಂಬ ಗಾಯಕ ಅಮೆರಿಕದಲ್ಲಿ ರೈಲಿನ ಅಪಘಾತದಲ್ಲಿ ತೀರಿಕೊಂಡಾಗ ಸ್ನೇಹಿತರು ಅವನ ನೆನಪಿಗಾಗಿ ಕೂಡಿಸಿದ ನಿಧಿ ಅದರ ಮೂಲ. ಸಂಗೀತಗಾರರ ಮನಸ್ಸಿನ ಆರೋಗ್ಯಕ್ಕಾಗಿಯೇ ಅವರು 2017ರಲ್ಲಿ ಮ್ಯೂಸಿಕ್ ಮೈಂಡ್ಸ್ ಮ್ಯಾಟರ್ ಎಂಬ ಸೇವೆ ಆರಂಭಿಸಿದರು. ನನಗೆ ಸಮಾಧಾನ ಕೊಡುವ ಸಂಗತಿಯೆಂದರೆ ಆ ಕಡೆಯಿಂದ ಫೋನ್ ಎತ್ತುವವರು ನನ್ನನ್ನು ಎಂದೂ ಕಛೇರಿಗೆ ಕರೆಯುವವರಲ್ಲ, ಬಿಡುವವರೂ ಅಲ್ಲ. ಚೌಕಿಬದಿಯವರು ಹೇಳಿದ್ದು ಇದನ್ನೇ.

ಚೌಕಿಬದಿ

ನೂರು ವರ್ಷದ ಹಿಂದೆ ಸ್ನೇಹಿತನ ನೆನಪಿಗೆ ನಿಧಿ ಕೂಡಿಸಿದರು ಎಂಬುದು ಕೇಳಿ ಖುಷಿಯಾಯಿತು. ನಮ್ಮಲ್ಲಿ ಕಲಾವಿದ ಹಾಸಿಗೆ ಹಿಡಿದರೆ ಸಹಾಯಾರ್ಥ ಆಟ ಇಡುತ್ತಾರೆ. ಆ ಆಟಕ್ಕೂ ನಾವೇ ಪುಕ್ಕಟೆ ಬಾರಿಸಬೇಕು, ಸಂತೋಷದಿಂದಲೇ ಬಾರಿಸುತ್ತೇವೆ.

ಕಂಪನಿಮೊಮ್ಮಗ

ಸರ್ಕಾರವೂ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾಯ್ದೆ ಮಾಡಿದೆಯಲ್ಲ. ಸಿನಿಮಾ ಟಿಕೆಟ್ ಮತ್ತು ಓಟಿಟಿ ಚಂದಾದ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಮಾಡುವುದು ಅದರ ಉದ್ದೇಶ. ವಯಸ್ಸಾದವರಿಗೆ ಮಾಸಾಶನವೂ ಇದೆ.

ಸೂಜಿದಾರ

ಮಾಸಾಶನಕ್ಕೆ 58 ತುಂಬಬೇಕು. ಆ ಹುಡುಗಿ ಅಲ್ಲಿಯವರೆಗೆ ಮಣಿಕಟ್ಟು ಹಿಡಿದುಕೊಂಡೇ ಇರಬೇಕೆ?

ಈಗ ನಾನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ. ನಾನು ವಸ್ತ್ರವಿನ್ಯಾಸದವಳು. ಮಗು ಹುಟ್ಟಿದ ನಾಲ್ಕು ತಿಂಗಳಿಗೆ ಒಂದು ತಂಡದವರ ಮುಂದೆ, ಯಾಕೋ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಿದ್ದೆ. ಅವರು ಮನೆಗೆ ಬಂದು ಹಣ್ಣು ಕೊಟ್ಟು ಹೋದರು. ಆಮೇಲೆ ಎರಡು ವರ್ಷ ಆ ತಂಡದಿಂದ ಒಂದು ಕರೆಯೂ ಬರಲಿಲ್ಲ. "ಮಗು ಚಿಕ್ಕದು, ಅವಳಿಗೆ ತೊಂದರೆ ಕೊಡುವುದು ಬೇಡ" ಎಂದು ಎಲ್ಲರೂ ಸೇರಿ ನನ್ನ ಪರವಾಗಿ ತೀರ್ಮಾನಿಸಿದ್ದರಂತೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಅದರ ಮೇಲೆ ಮಗುವಿನ ಡಬ್ಬಗಳನ್ನು ಜೋಡಿಸಿಟ್ಟಿದ್ದೆ. ನನಗೆ ಆಗ ಬೇಕಾಗಿದ್ದದ್ದು ಕೆಲಸ. ಕೆಲಸವಿದ್ದ ದಿನ ನನಗೆ ಅಳು ಬರುತ್ತಿರಲಿಲ್ಲ.

ಅದಕ್ಕೇ ನಿರ್ದೇಶಕರನ್ನು ಹೊರಗೆ ಹಾಕಿದರೆ ಸಾಕು ಎಂದು ನನಗೆ ಅನ್ನಿಸುವುದಿಲ್ಲ. ಕರುಣೆ ಪಡುವವರು ಎಲ್ಲ ಕಡೆ ಇರುತ್ತಾರೆ, ಮಾತು ಮೆಟ್ಟಿಲು ಇಳಿಯದಿದ್ದರೂ ಮುಖಭಾವ ಇಳಿಯುತ್ತದೆ. ನಿಮ್ಮ ಎರಡು ನಿಯಮಗಳಿಗೆ ಮೂರನೆಯದನ್ನು ಸೇರಿಸಿ: ಇಲ್ಲಿ ಕೇಳಿದ್ದನ್ನು ಇಟ್ಟುಕೊಂಡು ಯಾರ ಕೆಲಸದ ಬಗ್ಗೆಯೂ ತೀರ್ಮಾನ ಮಾಡಬಾರದು, ಚಿಂತೆಯಾದರೆ ಅವರನ್ನೇ ಕೇಳಬೇಕು. "ಧಾರವಾಡಕ್ಕೆ ಬರುತ್ತೀಯಾ, ಜೊತೆಗೆ ಸಹಾಯಕ್ಕೆ ಇನ್ನೊಬ್ಬರನ್ನು ಕರೆಯಲೇ?" ಎಂದು ಕೇಳಲು ಆ ನಿರ್ದೇಶಕರಿಗೆ ಅರ್ಧ ನಿಮಿಷ ಸಾಕಿತ್ತು.

ತಾಲೀಮುಮನೆ

ಸೂಜಿದಾರ ಅವರೇ, ನಿಮ್ಮ ಮಾತು ಓದಿ ಎರಡು ದಿನ ಏನೂ ಬರೆಯಲಿಲ್ಲ. ಮೂರು ವರ್ಷದ ಹಿಂದೆ ತಂದೆಯನ್ನು ಕಳೆದುಕೊಂಡ ನಟನೊಬ್ಬನನ್ನು ನಾನೂ ಹೀಗೆಯೇ ಪಾತ್ರದಿಂದ ಬಿಡಿಸಿದ್ದೆ ಮತ್ತು ಅದನ್ನು ಒಳ್ಳೆಯತನವೆಂದು ಈವರೆಗೂ ನಂಬಿಕೊಂಡಿದ್ದೆ. ಅವನು ಈಗ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಇದ್ದಾನೆ. ಮೂರನೆಯ ನಿಯಮವನ್ನು ಒಪ್ಪುತ್ತೇನೆ. ಆದರೂ ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಠೇಕಾ

ನಮ್ಮ ಹುಬ್ಬಳ್ಳಿಯ ಕೂಟಕ್ಕೆ ಬನ್ನಿ. ನಮ್ಮಲ್ಲಿ ಯಾರಿಗೂ ನಟಿಸಲು ಬರುವುದಿಲ್ಲ.

ಹಿಂಬದಿಸಾಲು

ಎಲ್ಲರಿಗೂ ಕೃತಜ್ಞತೆಗಳು. ಈ ಸೋಮವಾರ ಏನಾಯಿತು ಎಂದು ಹೇಳುತ್ತೇನೆ. ನಿರ್ದೇಶಕರು ಈ ಚರ್ಚೆಯನ್ನು ಓದಿದ್ದಾರೆ. ಮೂರು ತಿಂಗಳು ತಾವೇ ಬರುವುದಿಲ್ಲ ಎಂದರು. ನಾವು ಬೇಡ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ. ಮೂರನೆಯ ನಿಯಮವನ್ನು ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇವೆ. ಡಬ್ಬಿ ಇರಬೇಕೆ ಬೇಡವೆ ಎಂಬ ಬಗ್ಗೆ ಮುಕ್ಕಾಲು ಗಂಟೆ ಜಗಳವಾಡಿ, ಕೊನೆಗೆ ಇರಲಿ ಎಂದಾಯಿತು.

ಹುಡುಗಿಯ ಮನೆಗೆ ನಾನೇ ಹೋಗಿದ್ದೆ. ನಾಡಿದ್ದು ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದೇವೆ. ಕೂಟಕ್ಕೆ ಬಾ ಎಂದೆ. "ಬರುತ್ತೇನಕ್ಕ. ಆದರೆ ಮೊದಲು ಆ ಜನವರಿಯ ಎರಡು ಪ್ರಯೋಗದ ದುಡ್ಡು ಕೊಡಿಸಿ, ಅದನ್ನು ಕೇಳಿ ಕೇಳಿಯೇ ನನ್ನ ನಿದ್ದೆ ಹೋಗಿರುವುದು" ಎಂದಳು. ಅದು ಈ ನಿರ್ದೇಶಕರದಲ್ಲ, ಬೇರೊಂದು ತಂಡದ್ದು. ಇದನ್ನು ನಮ್ಮಲ್ಲಿ ಯಾರೂ ಅವಳನ್ನು ಕೇಳಿಯೇ ಇರಲಿಲ್ಲ.

ಬಾಕಿಬಿಲ್ಲು

ಎಷ್ಟು ಬಾಕಿ?

ಹಿಂಬದಿಸಾಲು

9,000 ರೂಪಾಯಿ.

ಬಾಕಿಬಿಲ್ಲು

ಅವಳಿಗೆ ಒಪ್ಪಿಗೆಯಿದೆಯೇ ಎಂದು ಕೇಳಿ, ಆ ತಂಡದವರ ನಂಬರನ್ನು ನನಗೆ ಖಾಸಗಿಯಾಗಿ ಕಳಿಸಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಫೋನ್ ಮಾಡುತ್ತೇನೆ.